ಕಂಚಿನ ಟೀಚರ್ ಮತ್ತು ನಮ್ಮತ್ತೆ

“ಈ ಶೂ ಉಜ್ಜಿದ್ದು ಯಾರು?” ಅಮೆರಿಕದ ಗೈದರ್ಸ್‌ಬರ್ಗ್‌ನಲ್ಲಿ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ, ಶಿಕ್ಷಕಿಯೊಬ್ಬರ ಕಂಚಿನ ಪ್ರತಿಮೆಗೆ ಕಪ್ಪು ಮೇಣ ಬಳಿಯುತ್ತಿದ್ದ ವಯಸ್ಸಾದವರೊಬ್ಬರು ಇಂಗ್ಲಿಷಿನಲ್ಲಿ ಕೇಳಿದರು. ಪ್ರತಿಮೆಯ ಬಲಗಾಲಿನ ಶೂ ತುದಿ ಮಾತ್ರ ತೊಳೆದಿಟ್ಟ ಚೊಂಬಿನ ಹಾಗೆ ಹೊಳೆಯುತ್ತಿತ್ತು.

ಅದು ನನ್ನ ಪಕ್ಕದಲ್ಲೇ ನಿಂತಿದ್ದ ಅತ್ತೆಯ ಕೆಲಸ. ಮೈಸೂರಿನಿಂದ ಬಂದಾಗಿನಿಂದ ವಾಕಿಂಗ್ ಹೋದಾಗಲೆಲ್ಲ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. “ಅತ್ತೆ, ಅದು ಶೂ. ಜನ ನೋಡ್ತಾರೆ,” ಎಂದರೆ, “ಟೀಚರ್ ತಾನೆ? ನೋಡ್ಲಿ ಬಿಡು,” ಎನ್ನುತ್ತಿದ್ದರು.

ದಂಡ ಹಾಕಿಸುತ್ತಾರೇನೋ ಎಂಬ ಹೆದರಿಕೆಯಲ್ಲೇ ವಿಷಯ ಹೇಳಿದೆ. ಅವರೇ ಆ ಪ್ರತಿಮೆಯ ಶಿಲ್ಪಿಯಂತೆ, ನೆದರ್‌ಲ್ಯಾಂಡ್ಸ್‌ನವರು. ಎಷ್ಟೋ ಊರುಗಳ ಚೌಕಗಳಿಗೆ ಪ್ರತಿಮೆ ಮಾಡಿಕೊಟ್ಟವರು, ಆಗಾಗ ಹೋಗಿ ಅವುಗಳ ಆರೈಕೆಯನ್ನೂ ತಾವೇ ಮಾಡುವವರು. ಮೇಣದ ಬಟ್ಟೆ ಕೆಳಗಿಟ್ಟು ಹೇಳಿದರು: “ಮುಖ ಮಾಡೋಕೆ ಫೋಟೊ ಕೊಟ್ಟಿದ್ರು. ಕಾಲಲ್ಲಿ ಏನಿತ್ತು ಅಂತ ಯಾರಿಗೂ ಗೊತ್ತಿರ್ಲಿಲ್ಲ. ನಮ್ಮಮ್ಮನ ಶೂ ಇಟ್ಕೊಂಡು ಮಾಡಿದೆ.”

ಅತ್ತೆಗೆ ಅದನ್ನು ಕನ್ನಡದಲ್ಲಿ ಹೇಳಿದೆ. “ಹಾಗಾದ್ರೆ ನನ್ನ ನಮಸ್ಕಾರ ಇಬ್ರಿಗೂ ಸೇರ್ತು,” ಎಂದು ಮತ್ತೊಮ್ಮೆ ಬಗ್ಗಿ ಮುಟ್ಟಿದರು. ಶಿಲ್ಪಿ ಉಳಿದ ಕಡೆಯೆಲ್ಲ ಮೇಣ ಬಳಿದು, ಆ ತುದಿಯನ್ನು ಮಾತ್ರ ಹಾಗೇ ಬಿಟ್ಟು ಹೋದರು.

ಅತ್ತೆ ಮೈಸೂರಿಗೆ ಮರಳಿದ್ದಾರೆ. ಯಾರೂ ಮುಟ್ಟದಿದ್ದರೆ ಕಂಚು ಮತ್ತೆ ಕಪ್ಪಾಗುತ್ತದಂತೆ. ಅದಕ್ಕೇ ಈಗ ವಾಕಿಂಗ್ ಹೋದಾಗ ನಾನು ಬಗ್ಗುತ್ತೇನೆ, ಜನ ನೋಡುತ್ತಿದ್ದರೂ.