ನೊರೆ ತೆಗೆಯುವ ಮನೆತನ

ಕಾಫಿಯ ಮೇಲಿನ ನೊರೆಯನ್ನು ಚಮಚದಿಂದ ತೆಗೆದು, ತಟ್ಟೆಯ ಅಂಚಿಗೆ ಸವರಿ, ಆಮೇಲಷ್ಟೇ ಕುಡಿಯತೊಡಗುವ ಮನುಷ್ಯನನ್ನು ನೀವು ನೋಡಿರಲಾರಿರಿ. ಬಾಬುರಾಯನಕೊಪ್ಪಲಿನ ನಮ್ಮ ಮನೆಗೆ ಬಂದರೆ ಪ್ರತಿದಿನ ಬೆಳಿಗ್ಗೆ ಉಚಿತವಾಗಿ ನೋಡಬಹುದು. ಆ ಮಹಾನುಭಾವ ನಾನೇ. ನನ್ನ ಹೆಂಡತಿ ಎತ್ತರದಿಂದ ಸುರಿದು ಕಟ್ಟಿದ ಬುದ್ಬುದಗೋಪುರವನ್ನು ನಾನು ನಿರ್ದಾಕ್ಷಿಣ್ಯವಾಗಿ ನೆಲಸಮ ಮಾಡುವುದನ್ನು ಕಂಡು ಅವಳು ಬೇಸರಪಟ್ಟು, ಬೈದು, ಕೊನೆಗೆ ಸುಮ್ಮನಾಗಿದ್ದಾಳೆ. ನನ್ನ ಸಮರ್ಥನೆ ಇಷ್ಟೇ: ಇದು ಅಭ್ಯಾಸವಲ್ಲ, ಆನುವಂಶಿಕ.

ನಮ್ಮದು ಕ್ಯಾತನಹಳ್ಳಿಯ ಆಲೆಮನೆಯ ವಂಶ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯತೊಡಗಿದಾಗ ಅದರೊಳಗಿನ ಕೊಳೆಯೆಲ್ಲ ನೊರೆಯ ವೇಷ ಧರಿಸಿ ಮೇಲೆ ಬರುತ್ತದೆ; ಬೆಂಡೆಗಿಡದ ಲೋಳೆ ಹಾಕಿದರೆ ಇನ್ನಷ್ಟು ಬರುತ್ತದೆ. ಅದನ್ನು ತೂತಿನ ಸೌಟಿನಿಂದ ತೆಗೆಯುತ್ತಲೇ ಇರಬೇಕು. ಸೋಮಾರಿತನ ಮಾಡಿದಿರೋ, ಬೆಲ್ಲ ಕಪ್ಪಾಗಿ, ಕೈ ಸೋತವನೆಂಬ ಅಪಖ್ಯಾತಿ ಊರೆಲ್ಲ ಹಬ್ಬುತ್ತದೆ. ನಾನು ಕನ್ನಡ ಅಧ್ಯಾಪಕನಾಗಿ ಶ್ರೀರಂಗಪಟ್ಟಣದ ಕಡೆ ಬಂದುಬಿಟ್ಟೆ; ಕೊಪ್ಪರಿಗೆ ಅಣ್ಣನ ಪಾಲಿಗೆ ಉಳಿಯಿತು. ಅವನ ಬೆಲ್ಲ ಬೆಣ್ಣೆಯ ಬಣ್ಣದ್ದು. ಅದಕ್ಕೆ ರಾಸಾಯನಿಕ ಹಾಕುವುದಿಲ್ಲ, ಸಕ್ಕರೆ ಬೆರೆಸುವುದಿಲ್ಲ. ಕೇವಲ ನೊರೆ ತೆಗೆಯುತ್ತಾನೆ, ಬೇರೆಯವರು ಜಪ ಮಾಡುವಷ್ಟು ಏಕಾಗ್ರತೆಯಿಂದ.

ಈ ಅಣ್ಣನ ಒಬ್ಬಳೇ ಮಗಳು ಚೈತ್ರ. ಓದಿದ್ದು ಜೀವತಂತ್ರಜ್ಞಾನ, ಸೇರಿದ್ದು ಮೈಸೂರಿನ ಒಂದು ಚಿಕ್ಕ ಬ್ರೂವರಿ, ಮಾಡುವುದು ಬಿಯರು. ಹಬ್ಬಕ್ಕೂ ಹೆಂಡ ಮುಟ್ಟದ ಅಣ್ಣ ಬೈಯಲಿಲ್ಲ, ಬೇಡವೆನ್ನಲಿಲ್ಲ. ಆದರೆ ಊರಲ್ಲಿ ಯಾರಾದರೂ ಮಗಳ ವಿಚಾರ ಕೇಳಿದರೆ, “ಮೈಸೂರಲ್ಲಿ ಕೆಲ್ಸದಲ್ಲವ್ಳೆ” ಎನ್ನುವನು. ಯಾವ ಕೆಲಸವೆಂದು ಕೇಳಿದರೆ ಎತ್ತಿನ ಆರೋಗ್ಯದ ಕಡೆಗೆ ಮಾತು ಹೊರಳಿಸುವನು. ಚೈತ್ರಳಿಗೆ ಇದು ಗೊತ್ತಿತ್ತು. “ಅಪ್ಪ ಬೈದಿದ್ರೂ ತಡ್ಕೋತಿದ್ದೆ ಚಿಕ್ಕಪ್ಪ. ನನ್ ಕೆಲ್ಸದ ಹೆಸ್ರೇ ಎತ್ತಲ್ವಲ್ಲ” ಎಂದು ಒಮ್ಮೆ ನನ್ನೆದುರು ಕಣ್ಣು ತುಂಬಿಕೊಂಡಿದ್ದಳು. ರಸಸಿದ್ಧಾಂತವನ್ನು ವರ್ಷಗಟ್ಟಲೆ ಬೋಧಿಸಿದ ನನಗೆ ಆಗ ತೋಚಿದ್ದು ಒಂದೇ: ಅವಳಿಗೆ ಇನ್ನೊಂದು ಚಕ್ಕುಲಿ ಕೊಟ್ಟೆ.

ಈ ಸಲ ಆಲೆ ಆಡುವ ಕಾಲಕ್ಕೆ ಅವಳು ಅಪ್ಪನಿಂದ ಒಂದಷ್ಟು ಬೆಲ್ಲ ಕೇಳಿ ಒಯ್ದಳು. ಬೆಲ್ಜಿಯಂ ಶೈಲಿಯ ಸ್ಟ್ರಾಂಗ್ ಗೋಲ್ಡನ್ ಏಲ್ ಎಂಬ ಬಿಯರು ಅವಳ ಸ್ವಂತ ಕೈಚಳಕವಾಗಿ ಹೊರಬರಲಿತ್ತು. ಆ ದೇಶದವರು ಅದಕ್ಕೆ ಸಕ್ಕರೆ ಹಾಕುತ್ತಾರಂತೆ. ಸಿಹಿಯಾಗಲೆಂದಲ್ಲ, ಯೀಸ್ಟು ಅದನ್ನೆಲ್ಲ ತಿಂದು ಮುಗಿಸಿ, ಬಿಯರು ಬಲವಾಗಿದ್ದೂ ನಾಲಿಗೆಗೆ ಹಗುರಾಗಿರಲೆಂದು. ಇವಳು ಸಕ್ಕರೆಯ ಜಾಗದಲ್ಲಿ ಅಪ್ಪನ ಬೆಲ್ಲ ಹಾಕಿದಳು. ಬೆಲ್ಲ ಹಾಕಿದರೆ ಬಣ್ಣ ಕೆಡುತ್ತದೆಂದು ಜೊತೆಯವರೆಲ್ಲ ಹೆದರಿಸಿದರೂ ಕೇಳಲಿಲ್ಲ. ಹಟ ಕೂಡ ನಮ್ಮಲ್ಲಿ ಆನುವಂಶಿಕವೇ.

ಕೆಲವು ವಾರಗಳ ಮೇಲೆ, ಒಂದು ಮಧ್ಯಾಹ್ನ, ಬಾಟಲಿಗಳನ್ನೂ ಟವೆಲಿನಲ್ಲಿ ಸುತ್ತಿದ ಗ್ಲಾಸುಗಳನ್ನೂ ಹೊತ್ತು ನೇರ ಆಲೆಮನೆಗೆ ಬಂದಳು. ಧೈರ್ಯಕ್ಕಿರಲೆಂದು ನನ್ನನ್ನೂ ಕರೆಸಿಕೊಂಡಿದ್ದಳು. ಹೊಟ್ಟೆ ಉಬ್ಬಿ ಕತ್ತು ಕಿರಿದಾದ ಆ ಗ್ಲಾಸುಗಳಿಗೆ ಅವಳು ನಿಧಾನವಾಗಿ ಸುರಿದಾಗ, ಕೆಳಗೆ ಹೊನ್ನಿನ ದ್ರವ, ಮೇಲೆ ಬೆಳ್ಳಗೆ ಒತ್ತೊತ್ತಾಗಿ ಎದ್ದು ನಿಂತ ನೊರೆ. ಆ ನೊರೆಗಾಗಿ ಅವಳು ಎಷ್ಟು ಒದ್ದಾಡಿದ್ದಳೆಂದು ಆಮೇಲೆ ತಿಳಿಯಿತು. ಅವಳು ಬಾಟಲಿ ಕೆಳಗಿಟ್ಟು ತಲೆ ಎತ್ತುವಷ್ಟರಲ್ಲಿ ಅಣ್ಣ ಚಮಚ ಹುಡುಕಿ, ನೊರೆಯನ್ನೆಲ್ಲ ನೀಟಾಗಿ ಬಳಿದು ಬೂದಿಯ ಮೇಲೆ ಕೊಡವಿದ್ದ.

“ಅಯ್ಯೋ ಅಪ್ಪಾ, ಅದ್ಯಾಕ್ ತೆಗ್ದ್ಬುಟ್ಟೆ? ಅದೇ ಕಣಪ್ಪ ಚೆಂದ!” ಎಂದು ಅವಳು ಕಿರುಚಿದಳು.

“ಕೊಳೆ ಕಣಮ್ಮಿ. ಇಷ್ಟೊಂದು ಮೇಲ್ ಬಂದದೆ ಅಂದ್ರೆ ಬೇಯಿಸ್ವಾಗ ಸರ್ಯಾಗ್ ತೆಗ್ದಿಲ್ಲ ನೀನು.”

ಅವಳು ಸಹಾಯಕ್ಕೆಂದು ನನ್ನತ್ತ ತಿರುಗಿದಳು. ಆದರೆ ಹೇಳಲು ನಾಚಿಕೆ, ನನ್ನ ಗ್ಲಾಸಿನ ನೊರೆ ಆಗಲೇ ನನ್ನ ಬೆರಳಿನ ಮೇಲಿತ್ತು.

ಅಳುತ್ತಾಳೋ ಎಂದುಕೊಂಡೆ. ಅಳಲಿಲ್ಲ. ಅಪ್ಪನ ಗ್ಲಾಸಿಗೆ ಮತ್ತೆ ಸುರಿದು, ನೊರೆ ಎಬ್ಬಿಸಿ, ಬಿಸಿಲಿಗೆ ಎತ್ತಿ ಹಿಡಿದಳು.

“ಈ ಬಣ್ಣ ನೋಡಪ್ಪ. ಬ್ಯಾರೆಯವ್ರ ಬೆಲ್ಲ ಆಕಿದ್ರೆ ಕಪ್ಪಾಗ್ಬುಡೋದು. ತೆಗಿಯೋ ಕೊಳೆನೆಲ್ಲ ನೀನೇ ಕೊಪ್ಪರಿಗೇಲಿ ತೆಗ್ದ್ಬುಟ್ಟಿದ್ದೀಯ. ಇದ್ರಲ್ಲಿ ತೆಗಿಯಕ್ಕೆ ಇನ್ನೇನಿಲ್ಲ.”

ಅಣ್ಣ ಚಮಚ ಕೆಳಗಿಟ್ಟ. ಆಲೆಮನೆಯಲ್ಲಿ ಅವನ ಕೈಯಿಂದ ಸೌಟು ಕೆಳಗಿಳಿಯುವುದು ಪಾಕ ಬಂದಾಗ ಮಾತ್ರ.

ನೊರೆಯೊಳಗೆ ಮೀಸೆ ಅದ್ದಿ ಒಂದು ಗುಟುಕು ಕುಡಿದ. ನಾನೂ ಕುಡಿದೆ. ಮಾಗಿದ ಸೀಬೆಯ ಘಮ, ಅದರ ಹಿಂದೆಯೇ ಮೆಣಸಿನಂಥ ಚುರುಕು, ನಾಲಿಗೆ ಇನ್ನೇನು ಸಿಹಿಯೆಂದು ತೀರ್ಪು ಕೊಡಬೇಕೆನ್ನುವಷ್ಟರಲ್ಲಿ ಬಾಯಿ ಒಣಗಿಸುವ ಒಂದು ಕಹಿ. ಗಾಳಿಯ ಹಾಗೆ ಹಗುರಾಗಿ ಒಳಗಿಳಿದು, ಆಮೇಲೆ ತಾನು ಯಾರೆಂದು ಸಾವಕಾಶವಾಗಿ ತಿಳಿಸುವ ಪಾನೀಯ ಅದು.

“ಬೆಲ್ಲ ಎಲ್ಲೋಯ್ತು?” ಎಂದ ಅಣ್ಣ.

“ಯೀಸ್ಟು ತಿಂದ್ಕತು.”

“ಎಲ್ಲಾನೂವಾ?”

“ಎಲ್ಲಾನೂ.”

ಅಣ್ಣ ಗ್ಲಾಸಿನೊಳಗೆ ಇಣುಕಿದ. ತನ್ನ ಬೆಲ್ಲ ಹೆಸರಿಲ್ಲದೆ ಹೋಯಿತೆಂದು ನೊಂದನೇನೋ ಎಂದು ನನಗೆ ಭಯ. ಇನ್ನೊಂದು ಗುಟುಕು ಕುಡಿದು, ಅಂಗೈಯನ್ನು ಎದೆಯ ಮೇಲಿಟ್ಟುಕೊಂಡು, “ಇಲ್ ಬೆಚ್ಚಗಾಯ್ತದೆ. ಬೆಲ್ಲ ಇಲ್ಲೇ ಅದೆ ಬುಡು” ಎಂದ.

ಅಷ್ಟರಲ್ಲಿ ಪಕ್ಕದ ಗದ್ದೆಯ ಜವರಣ್ಣ ಬೀಡಿಗೆ ಕೆಂಡ ಕೇಳಲು ಒಳಗೆ ಬಂದ. ಆಲೆಮನೆಗೆ ಬಂದವರನ್ನು ಬಾಯಿಗೇನೂ ಕೊಡದೆ ಕಳಿಸುವ ಪದ್ಧತಿ ನಮ್ಮ ಸೀಮೆಯಲ್ಲಿಲ್ಲ. ಹಗೆಯವನು ಬಂದರೂ ಕಬ್ಬಿನ ಹಾಲನ್ನೋ ಬಿಸಿಬೆಲ್ಲವನ್ನೋ ಕೊಟ್ಟೇ ಮಾತು. “ಏನಣ್ಣೋ ಅದು, ಕೂಸು ತಂದಿರೋದು?” ಎಂದು ಅವನು ಕತ್ತು ಚಾಚಿದ. ಚೈತ್ರ ಅಪ್ಪನ ಮುಖ ನೋಡಿ, ಅಭ್ಯಾಸಬಲದಿಂದ ದುಪಟ್ಟಾವನ್ನು ಬಾಟಲಿಯ ಮೇಲೆಳೆದಳು.

“ಮುಚ್ಬ್ಯಾಡ ಕಣಮ್ಮಿ” ಎಂದ ಅಣ್ಣ. ದುಪಟ್ಟಾವನ್ನು ತಾನೇ ಸರಿಸಿದ. “ಬಿಯರು ಕಣ್ಲಾ ಜವರ. ನಮ್ ಚೈತ್ರನೇ ಮಾಡಿರದು. ಮೈಸೂರಲ್ಲಿ ಅದೇ ಅವಳ ಕೆಲ್ಸ. ನಮ್ ಬೆಲ್ಲ ಆಕವ್ಳೆ. ಕುಡಿ.”

ಚೈತ್ರ ಗ್ಲಾಸು ತುಂಬಿಕೊಟ್ಟಳು. ನೊರೆ ಅಂಚು ಮೀರಿ ಹರಿಯಿತು. ಜವರಣ್ಣ ಅದನ್ನು ಬಿಸಿ ಟೀ ಎಂಬಂತೆ ಊದಲು ತುಟಿ ಕೂಡಿಸಿದ.

“ಲೇ, ಊದ್ಬ್ಯಾಡ ಕಣ್ಲಾ!” ಎಂದು ಗದರಿದ ಅಣ್ಣ, ನಲವತ್ತೂರಿಗೆ ಕೇಳಿಸುವ ದನಿಯಲ್ಲಿ. “ನೊರೆ ಸಮೇತ ಕುಡಿ. ಅಷ್ಟು ನೊರೆ ನಿಲ್ಸದು ಅಂದ್ರೆ ಉಡುಗಾಟಾನಾ?”

ನನ್ನ ಅಣ್ಣನ ಬಗ್ಗೆ ನನಗೆ ಯಾವಾಗಲೂ ಹೆಮ್ಮೆಯೇ. ಆದರೆ ಅಂದಿನ ಹೆಮ್ಮೆ ಆ ನೊರೆಯಂತೆ ಅಂಚು ಮೀರಿತು. ಅದರಲ್ಲಿ ಬೆಲ್ಜಿಯಂನವರ ಪಾಲೂ ಸ್ವಲ್ಪ ಇದ್ದಿರಬಹುದು. ಇಷ್ಟೆಲ್ಲ ಹೇಳುವಾಗ ಅಣ್ಣನ ಮೀಸೆಯ ಮೇಲೆ ಒಂದು ಬಿಳಿಯ ಗೆರೆ ಇತ್ತು. ಚೈತ್ರ ಅದನ್ನೇ ನೋಡುತ್ತ ನಗುತ್ತಿದ್ದಳು, ಒರೆಸಿಕೋ ಎಂದು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಕಾಫಿ ತಂದಿಟ್ಟಳು, ಪಕ್ಕದಲ್ಲಿ ಚಮಚ. ಚಮಚ ಎತ್ತಿಕೊಂಡೆ, ಬುದ್ಬುದಗೋಪುರವನ್ನು ಒಂದು ಕ್ಷಣ ನೋಡಿದೆ, ಚಮಚವನ್ನು ಕೆಳಗಿಟ್ಟು ಹಾಗೆಯೇ ಕುಡಿದೆ. “ಮೀಸೆಗೆ ನೊರೆ ಮೆತ್ತಿದೆ, ಒರೆಸ್ಕೊಳ್ಳಿ” ಎಂದಳು. ಇರಲಿ ಬಿಡು ಎಂದೆ.