ಅಪ್ಪನ ಮೊದಲ ಒಲೆಕಾಸು

ಇವತ್ತು ಬೆಳಿಗ್ಗೆ ಪುಣಜನೂರಿನ ಕಡೆಯಿಂದ ಅರಿಶಿನ ಪಾಲಿಶ್ ಮಾಡಿಸಲು ಬಂದ ರೈತರೊಬ್ಬರು, ಡ್ರಮ್ಮು ತಿರುಗುವಷ್ಟು ಹೊತ್ತು ಸುಮ್ಮನೆ ಕೂರಲಾರದೆ, ಶೆಡ್ಡಿನ ಕಪಾಟಿನ ಮೇಲಿದ್ದ ನನ್ನ ನಾಣ್ಯದ ಆಲ್ಬಮ್ ಎತ್ತಿಕೊಂಡರು. ಮೊದಲ ಹಾಳೆಯ ಮೊದಲ ಪ್ಲಾಸ್ಟಿಕ್ ಕಿಸೆ ಖಾಲಿ. ಕೆಳಗೆ ಅಂಟಿಸಿದ ಚೀಟಿಯ ಕಡೆ ನೋಡದೆ, ಅದರೊಳಕ್ಕೆ ಬೆರಳು ತೂರಿಸಿ, 'ಇದ್ರೊಳ್ಗಿದ್ದುದ್ದು ಎಲ್ಲೋ ಬಿದ್ದೋಗದೆ ಕಣಣ್ಣ' ಅಂದರು. ಅವರು ಬೆರಳು ತೆಗೆದ ಮೇಲೆ ಅಲ್ಲೊಂದು ಹಳದಿ ಗುರುತು ಉಳಿಯಿತು. ಅರಿಶಿನದ ಗುರುತು ಎಂಥದ್ದೆಂದು ಮದುವೆ ಮನೆಯಿಂದ ಬಂದ ಬಿಳಿ ಪಂಚೆ ಒಗೆದವರಿಗೆಲ್ಲ ಗೊತ್ತು.

ಬಿದ್ದಿಲ್ಲ ಎಂದೆ. ಡ್ರಮ್ಮಿನ ಸದ್ದಿನಲ್ಲಿ ಅವರಿಗೆ ಅದೂ ಕೇಳಿಸಿರಲಾರದು. ಎಲ್ಲಿದೆ ಎಂದು ಹೇಳುವುದಕ್ಕೆ ಸ್ವಲ್ಪ ಹೊತ್ತು ಬೇಕು. ನೀವು ಓದುವವರು, ನಿಮಗೆ ಅಷ್ಟು ಅವಸರವಿರಲಾರದು, ನಿಮಗೆ ಹೇಳುತ್ತೇನೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಡಿಸಿದರು ಎಂದು ಯಾರ ಮೇಲೂ ಹೇಳುವುದಿಲ್ಲ. ಅಪ್ಪನ ಜೊತೆ ಅರಿಶಿನದ ಒಲೆಗೆ ಹೋಗುವುದು ನನಗೆ ಇಷ್ಟವಾಗಿತ್ತು, ಗಣಿತ ಆಗಿರಲಿಲ್ಲ, ಅಷ್ಟೇ. ಅವತ್ತು ಗೋಣಿಚೀಲ ಸುತ್ತಿದ ಕಾಲಿನಿಂದ ಅರಿಶಿನದ ಕೊಂಬು ತುಳಿದು ಸಿಪ್ಪೆ ಬಿಡಿಸುತ್ತಿದ್ದವನು, ಆಮೇಲೆ ಕೈಯಲ್ಲಿ ತಿರುಗಿಸುವ ಡ್ರಮ್ಮು ಕೊಂಡೆ, ಆಮೇಲೆ ಮೋಟಾರಿನದು. ಇವತ್ತು ಚಾಮರಾಜನಗರದ ಹೊರಗೆ ಸ್ವಂತ ಶೆಡ್ಡು ಇದೆ. ಮಂಡಿಯಲ್ಲಿ ಒಳ್ಳೇ ಬಣ್ಣದ ಅರಿಶಿನ ಕಂಡರೆ 'ಇದು ಯಾರ ಡ್ರಮ್ಮಿಂದು?' ಎಂದು ಕೇಳುತ್ತಾರೆ. ಇದನ್ನು ಹೇಳುವಾಗ ನಾನು ಸ್ವಲ್ಪ ಎದೆಯುಬ್ಬಿಸಿಕೊಳ್ಳುತ್ತೇನೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಉಬ್ಬಿಸಿಕೊಳ್ಳಬಾರದು ಎಂದು ಎಲ್ಲಿ ಬರೆದಿದೆ?

ಅಪ್ಪ ಬೇಯಿಸುವವನು. ಪಾಲಿಶ್ ಎಲ್ಲ ಆಮೇಲಿನ ಮಾತು. ಹಸಿ ಅರಿಶಿನ ಮೊದಲು ಸರಿಯಾಗಿ ಬೇಯಬೇಕು. ಕಡಿಮೆ ಬೆಂದರೆ ಒಣಗಿದ ಮೇಲೆ ಒಳಗೆ ಬಿಳಚಿಕೊಳ್ಳುತ್ತದೆ, ಹೆಚ್ಚು ಬೆಂದರೆ ಬಣ್ಣವನ್ನು ನೀರಿಗೆ ಕೊಟ್ಟುಬಿಡುತ್ತದೆ. ಹೊಲದ ಮೂಲೆಯಲ್ಲಿ ಗುಂಡಿ ತೋಡಿ, ಕಲ್ಲು ಕಟ್ಟಿ, ಅದರ ಮೇಲೆ ದೊಡ್ಡ ಕೊಪ್ಪರಿಗೆ ಇಟ್ಟು, ಒಣಗಿದ ಅರಿಶಿನದ ಎಲೆಯನ್ನೇ ಉರಿಗೆ ತಳ್ಳುತ್ತ ಅಪ್ಪ ಮೂಗಿನಿಂದಲೇ ಹದ ನೋಡುತ್ತಿದ್ದ. ಆವಿಯ ವಾಸನೆ ಹಸಿಮಣ್ಣಿನದರಿಂದ ಬೆಂದ ಗೆಣಸಿನದಕ್ಕೆ ತಿರುಗಬೇಕು. ತಿರುಗಿದ ಮೇಲೆ ಹಂಚಿಕಡ್ಡಿ ಚುಚ್ಚಿ ನೋಡುವುದು ನಮ್ಮಂಥವರ ಸಮಾಧಾನಕ್ಕೆ. ಊಟಕ್ಕೆ ಕರೆದರೆ ತಿರುಗಿ ನೋಡುತ್ತಿರಲಿಲ್ಲ. 'ಒಲೆ ಕೆಲ್ಸದ ಮೇಲದೆ. ತಡೀರಿ' ಅನ್ನುತ್ತಿದ್ದ. ಒಲೆ ಏನೋ ಅವನ ಜೊತೆಗಾರ, ಕೆಲಸದಲ್ಲಿರುವವನನ್ನು ಬಿಟ್ಟು ಉಣ್ಣುವುದು ಮರ್ಯಾದೆಯಲ್ಲ ಅನ್ನುವ ಹಾಗೆ.

ಒಲೆ ಹಚ್ಚುವ ದಿನ ಹೊಲದ ಮನೆಯ ಹೆಂಗಸು ಬಂದು, ಒಲೆಯ ಬಾಯಿಯ ಕಲ್ಲಿನ ಮೇಲೆ ಒಂದು ಕಾಸಿಟ್ಟು, ಅರಿಶಿನ ಕುಂಕುಮ ಹಾಕಿ ಕೈ ಮುಗಿಯುತ್ತಿದ್ದಳು. ಕೊನೆಯ ಕೊಪ್ಪರಿಗೆ ಇಳಿಯುವವರೆಗೂ ಅದು ಅಲ್ಲೇ ಹೊಗೆ ಕುಡಿಯುತ್ತ ಕೂರುತ್ತಿತ್ತು. ಬೆಂದದ್ದು ಚೆನ್ನಾಗಿದ್ದರೆ ಬೇಯಿಸಿದವನಿಗೆ ಆ ಕಾಸು. ಚೆನ್ನಾಗಿಲ್ಲದಿದ್ದರೆ ಅವಳು ಸುಮ್ಮನೆ ಎತ್ತಿಕೊಂಡು ಹೋಗುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಬೈಗುಳ ನಮ್ಮ ಕಸುಬಿನಲ್ಲಿ ಇರಲಿಲ್ಲ. ಒಲೆಕಾಸು ಅಂತ ಅದಕ್ಕೆ ಹೆಸರು. ಬೇರೆಯವರು ಅದರಲ್ಲಿ ಬೀಡಿ ಕೊಳ್ಳುತ್ತಿದ್ದರು. ಅಪ್ಪ ಕೊಳ್ಳಲಿಲ್ಲ. ಒಂದು ತಗಡಿನ ಡಬ್ಬಿಯಲ್ಲಿ ಇಡುತ್ತ ಹೋದ.

'ಕೂಲಿ ಯಾರ್ಗಾದ್ರೂ ಕೊಟ್ಟಾರು ಕಣ್ಲಾ' ಎಂದು ಒಮ್ಮೆ ನನಗೆ ಹೇಳಿದ್ದ. 'ಇದು ಕೂಲಿ ಅಲ್ಲ. ಒಲೆ ಮುಂದೆ ನಿಂತ್ಕೊಂಡು ಗೆದ್ದುದ್ದು.'

ಆ ಡಬ್ಬಿಯಲ್ಲಿ ಏನೇನಿತ್ತು ಅಂತೀರಿ? ಹೂವಿನ ಅಂಚಿನ ಹತ್ತು ಪೈಸೆ, ಚೌಕದ ಐದು ಪೈಸೆ, ಆರು ಮೂಲೆಯ ಮೂರು ಪೈಸೆ, ಕಮಲದ ಹೂವಿದ್ದ ಹಿತ್ತಾಳೆಯ ಇಪ್ಪತ್ತು ಪೈಸೆ. ಈ ಇಪ್ಪತ್ತು ಪೈಸೆಯಲ್ಲಿ ಚಿನ್ನ ಬೆರೆಸಿದ್ದಾರೆ ಎಂದು ಆಗ ಊರೆಲ್ಲ ಮಾತು. ಅವ್ವ ಅದನ್ನು ಹಲ್ಲಿನಲ್ಲಿ ಕಚ್ಚಿ ನೋಡಿದ್ದಳಂತೆ. ಎಲ್ಲಕ್ಕೂ ಮಸಿಯ ಬಣ್ಣ, ಮಸಿಯ ಕೆಳಗೆ ಕುಂಕುಮದ ಕಲೆ.

ಆದರೆ ಎಲ್ಲಕ್ಕಿಂತ ಮೊದಲನೆಯದು ಡಬ್ಬಿಯಲ್ಲಿರಲಿಲ್ಲ. ಅಪ್ಪನಿಗೆ ಆಗ ಮೀಸೆ ಸರಿಯಾಗಿ ಬಂದಿರಲಿಲ್ಲವಂತೆ. ಸಂತೆಮರಹಳ್ಳಿಯ ಹೊಲವೊಂದರಲ್ಲಿ ಬೇಯಿಸುವ ಯಜಮಾನನಿಗೆ ಜ್ವರ ಬಂದು, ಬೇರೆ ದಾರಿಯಿಲ್ಲದೆ ಒಲೆ ಅಪ್ಪನ ಕೈಗೆ ಬಂತು. ಕಾಸು ಇಟ್ಟ ಹೆಂಗಸು ಇವನ ಮುಖ ನೋಡಿ, 'ಎತ್ಕೊಂಡೋಗಕ್ಕೆ ನಾನೇ ಬರ್ಬೇಕಾಯ್ತದೇನೋ' ಅಂದಳಂತೆ. ಬರಬೇಕಾಗಲಿಲ್ಲ. ಅದು ಹಳೇ ತಾಮ್ರದ ತೂತು ಕಾಸು, ಉಂಗುರದ ಹಾಗೆ ನಡುವೆ ದೊಡ್ಡ ತೂತಿರುವಂಥದ್ದು. ಅಕ್ಕ ಹುಟ್ಟಿದಾಗ ಅಪ್ಪ ಅದನ್ನೇ ಕರಿದಾರಕ್ಕೆ ಪೋಣಿಸಿ ಅವಳ ಸೊಂಟಕ್ಕೆ ಕಟ್ಟಿದ. ಬೆಳ್ಳಿ ತರುವ ಶಕ್ತಿ ಇರಲಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಅಪ್ಪ ಒಪ್ಪುತ್ತಿರಲಿಲ್ಲ. 'ಶಕ್ತಿ ಇತ್ತು ಕಣಮ್ಮಿ. ಬೇಕಾಗಿರ್ನಿಲ್ಲ' ಅನ್ನುತ್ತಿದ್ದ. ಅಕ್ಕನಾದ ಮೇಲೆ ಅದು ನನ್ನ ಸೊಂಟಕ್ಕೆ ಬಂತು. ಅಕ್ಕ ಮದುವೆಯಾಗಿ ಬೇಗೂರಿಗೆ ಹೋಗುವಾಗ ಅವಳ ಜೊತೆ ಹೋಯಿತು.

ಅಪ್ಪ ಹೋದ ಮೇಲೆ ಡಬ್ಬಿ ನನಗೆ ಬಂತು. ವರ್ಷಾನುಗಟ್ಟಲೆ ಅದು ಹಾಗೇ ಕೂತಿತ್ತು. ಈಚೆಗೆ ಚಾಮರಾಜನಗರದಲ್ಲಿ ಕೆಲವರು ಸೇರಿ ಹಳೇ ನಾಣ್ಯ ಕೂಡಿಡುತ್ತಾರೆ ಎಂದು ತಿಳಿಯಿತು. ನನ್ನ ಹತ್ತಿರವೂ ಇದೆಯಲ್ಲ, ತೋರಿಸೋಣ ಎಂದು ಆಸೆಯಾಯಿತು. ಮಸಿ ಹಿಡಿದ ಕಾಸನ್ನು ದೊಡ್ಡವರ ಮುಂದೆ ಹೇಗೆ ಇಡುವುದು? ನಾನು ಏನು ಮಾಡಿದೆ ಎಂದು ನೀವು ಊಹಿಸಿರಬಹುದು. ಒಂದು ಹಿಡಿ ಕಾಸನ್ನು ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿ, ಒರೆಸಿ, ಅಷ್ಟಕ್ಕೇ ಸುಮ್ಮನಾಗದೆ, ಅರಿಶಿನದ ಜೊತೆ ಡ್ರಮ್ಮಿಗೆ ಹಾಕಿ ಒಂದು ಸುತ್ತು ತಿರುಗಿಸಿದೆ. ಆಹಾ, ಏನು ಹೊಳಪು ಅಂತೀರಿ. ಟಂಕಸಾಲೆಯವರೂ ನಾಚಬೇಕು. ಬಿಳಿ ಕರ್ಚೀಪಿನಲ್ಲಿ ಕಟ್ಟಿಕೊಂಡು ಹೋದೆ.

ಆ ಗುಂಪಿನ ಹಿರಿಯರು ಪೋಸ್ಟಾಫೀಸಿನಲ್ಲಿ ಕೆಲಸ ಮಾಡಿ ರಿಟೈರಾದವರು. ಕರ್ಚೀಪು ಬಿಚ್ಚಿದೊಡನೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

'ಇವಕ್ಕೆ ಯಾರ್ರೀ ಸ್ನಾನ ಮಾಡ್ಸಿದ್ದು?'

'ನಾನೇ ಸಾರ್. ಡ್ರಮ್ಮಿಗೂ ಹಾಕಿದೀನಿ.'

ಅವರು ಬೈಯಲಿಲ್ಲ. ಸಾವಿನ ಮನೆಯಲ್ಲಿ ಮಾತಾಡುವ ಹಾಗೆ ಮೆತ್ತಗೆ ವಿವರಿಸಿದರು. ನಾಣ್ಯದ ಮೇಲಿನ ಆ ಕಪ್ಪೇ ಅದರ ವಯಸ್ಸು. ಉಜ್ಜಿದರೆ ವಯಸ್ಸು ಹೋಯಿತು, ಉಜ್ಜಿದ ನಾಣ್ಯವನ್ನು ಕೂಡಿಡುವವರು ಯಾರೂ ಮುಟ್ಟುವುದಿಲ್ಲ. ಪಾಲಿಶ್ ಮಾಡದ ಅರಿಶಿನವನ್ನು ಮಂಡಿಯಲ್ಲಿ ಯಾರೂ ಮೂಸುವುದಿಲ್ಲ ಸಾರ್, ಎಂದೆ ನಾನು. ಅವರು ನಕ್ಕುಬಿಟ್ಟರು. 'ಇನ್ಮೇಲೆ ಕಾಸು ಮುಟ್ಟೋ ಮುಂಚೆ ಕೈ ತೊಳ್ಕೊಳ್ಳಿ, ಕಾಸು ತೊಳೀಬೇಡಿ' ಎಂದು ತಮ್ಮದೊಂದು ಹಳೇ ಆಲ್ಬಮ್ ಕೊಟ್ಟರು. ಪುಣ್ಯಕ್ಕೆ ಡಬ್ಬಿಯಲ್ಲಿ ಮಸಿಯ ಕಾಸು ಇನ್ನೂ ಬೇಕಾದಷ್ಟಿತ್ತು. ಅವನ್ನೆಲ್ಲ ಹಾಗೆ ಹಾಗೇ ಕಿಸೆಗೆ ಇಳಿಸಿದೆ. ಒಲೆಕಾಸಿನ ಕಥೆ ಕೇಳಿದ ಮೇಲೆ ಅವರು, ಕಲ್ಯಾಣ ಮಂಟಪದಲ್ಲಿ ನಾವು ಮಾಡುವ ಪ್ರದರ್ಶನದಲ್ಲಿ ನಿಮಗೂ ಒಂದು ಮೇಜು, ಮೇಜಿಗೆ ನಿಮ್ಮ ಹೆಸರಿನ ಬೋರ್ಡು ಎಂದರು. ನನ್ನ ಹೆಸರು ಅದುವರೆಗೆ ಅಚ್ಚಾಗಿದ್ದುದು ರೇಷನ್ ಕಾರ್ಡಿನಲ್ಲಿ ಮತ್ತು ಮದುವೆಯ ಪತ್ರಿಕೆಯಲ್ಲಿ ಮಾತ್ರ.

ಹೊರಡುವಾಗ ಅವರು ಒಂದು ಮಾತು ಸೇರಿಸಿದರು. 'ಮೊದಲ್ನೇದು ಇಲ್ದೆ ಸಾಲು ಅಂತ ಹೆಂಗ್ರೀ ಕರೆಯೋದು? ಅದನ್ನೂ ತನ್ನಿ.'

ಆ ಮಾತು ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ಅಪ್ಪನ ಹೆಸರು ಹುಟ್ಟಿದ್ದೇ ಆ ತೂತು ಕಾಸಿನಿಂದ. ಅದಿಲ್ಲದೆ ಮೇಜು ಹಾಕುವುದೆಂದರೆ ಗಂಡಿಲ್ಲದೆ ದಿಬ್ಬಣ ಹೊರಟ ಹಾಗೆ ಅನ್ನಿಸಿತು. ಬೇಕೇಬೇಕು ಎಂದು ಪಟ್ಟು ಹಿಡಿದೆ. 'ಬೇಗೂರಿನ ಅತ್ಗೆ ಹತ್ರ ಕೇಳಕ್ಕೆ ಧೈರ್ಯ ಇದ್ದದಾ?' ಎಂದಳು ಹೆಂಡತಿ. ಇರಲಿಲ್ಲ. ಅದಕ್ಕೇ ಒಂದು ಬೆಳ್ಳಿಯ ಬಿಲ್ಲೆ ಕೊಂಡುಕೊಂಡು, ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿ, ಬೇಗೂರಿಗೆ ಹೋದೆ.

ಅಕ್ಕ ಜಗುಲಿಯ ಮೇಲೆ ಕಾಲು ಚಾಚಿ ಕೂತು ಕುಡುಗೋಲಿನಲ್ಲಿ ಸಣ್ಣ ಈರುಳ್ಳಿಯ ಬೇರು ಕೊಯ್ಯುತ್ತಿದ್ದಳು. ಪಕ್ಕದಲ್ಲಿ ಅವಳ ಮಗನ ಮಗಳು ಕಂಬ ಹಿಡಿದು ನಿಲ್ಲುವುದನ್ನು ಕಲಿಯುತ್ತಿತ್ತು. ಮೈಮೇಲೆ ಉಡಿದಾರ ಬಿಟ್ಟರೆ ಇನ್ನೇನೂ ಇರಲಿಲ್ಲ. ಉಡಿದಾರದಲ್ಲಿ ನನ್ನ ಕಾಸು.

'ಏನ್ಲಾ, ಅರ್ಸ್ನದ ಕಾಲ್ದಲ್ಲಿ ಈ ಕಡಿಕ್ ಬಂದ್ಬುಟ್ಟಿದ್ದೀಯ? ಡ್ರಮ್ಮು ಕೆಟ್ಟೋಯ್ತಾ?'

'ಡ್ರಮ್ಮು ಚೆಂದಾಗದೆ ಕಣಕ್ಕ.'

'ಹಂಗಾರೆ ನಿನ್ ತಲೆ ಕೆಟ್ಟದೆ. ಕೂತ್ಕೊ.'

ಎಲ್ಲ ಹೇಳಿದೆ. ಅವಳು ಈರುಳ್ಳಿ ಬಿಡದೆ ಕೇಳಿದಳು.

'ಕಾಸ್ನ ಮೇಜಿನ್ ಮೇಲೆ ಮಡಗದು, ಜನ ನೋಡದು. ಅಷ್ಟೇಯಾ?'

'ಹೂಂ.'

'ಸುಮ್ಕೆ ನೋಡಕ್ಕೆ ಬಸ್ ಚಾರ್ಜು ಕೊಟ್ಕೊಂಡು ಬಂದಾರಾ? ಅವ್ರಿಗೆ ಕೆಲ್ಸ ಇಲ್ಲ ಅಂದ್ರೆ ನಿಂಗೂ ಇಲ್ವಾ?'

ಬೆಳ್ಳಿಯ ಬಿಲ್ಲೆ ತೆಗೆದು ಅವಳ ಕೈಗಿಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದಳು. 'ಬೆಳ್ಳಿ ಚೆಂದಾಗದೆ. ಯಾವ್ ಒಲೆ ಕಂಡದೆ ಇದು?' ಅಂದಳು. ನನ್ನ ಮುಖ ನೋಡಿ ಅವಳಿಗೇ ಏನನ್ನಿಸಿತೋ. 'ಬಿಚ್ಕೊ ಓಗು. ನಾನೇನ್ ಬ್ಯಾಡ ಅಂದ್ನಾ? ನಿನ್ ಸೊಂಟ್ದಲ್ಲೂ ಇದ್ದುದ್ದೇಯ. ಕೂಸು ಅತ್ರೆ ಮಾತ್ರ ನೀನೇ ಎತ್ಕೊಂಡ್ ತಿರ್ಗು.'

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಗಂಟು ಬಿಗಿಯಾಗಿತ್ತು. ಬಿಚ್ಚುವ ಮೊದಲು ಕಾಸನ್ನು ಬೆರಳಿನ ನಡುವೆ ಹಿಡಿದು ನೋಡಿದೆ. ಅದರ ಮೇಲಿನ ಕಿರೀಟ ಅಳಿಸಿಹೋಗಿತ್ತು, ಅಕ್ಷರ ಅಳಿಸಿಹೋಗಿತ್ತು, ದಾರ ಜಗ್ಗಿ ಜಗ್ಗಿ ತೂತಿನ ಒಂದು ಮಗ್ಗುಲು ಸವೆದಿತ್ತು. ಒಲೆಯ ಮಸಿ ಹೆಸರಿಗೂ ಇರಲಿಲ್ಲ. ಆದರೆ ಅದರ ಹೊಳಪು! ನಾನು ಜೀವಮಾನವೆಲ್ಲ ಪಾಲಿಶ್ ಮಾಡಿದವನು. ಹುಣಸೆಹಣ್ಣಿನ ಹೊಳಪು ಗೊತ್ತು, ಕಣ್ಣಿಗೆ ಹೊಡೆಯುತ್ತದೆ. ಡ್ರಮ್ಮಿನ ಹೊಳಪು ಗೊತ್ತು, ಮೇಲೆ ಮೇಲೆ ಇರುತ್ತದೆ. ಇದು ಒಳಗಿನಿಂದ ಬಂದ ಹಾಗಿತ್ತು. ಅಕ್ಕನ ಹೊಟ್ಟೆ, ನನ್ನ ಹೊಟ್ಟೆ, ಅವಳ ಮಕ್ಕಳ ಹೊಟ್ಟೆ, ಈಗ ಇದರದು. ಎಣ್ಣೆನೀರು, ಬೆವರು, ಹೇಳಬಾರದ್ದು ಬೇರೆ. ನಮ್ಮ ಮನೆಯ ಮಕ್ಕಳೆಲ್ಲ ಸೇರಿ, ಯಾರೂ ಹೇಳದೆ, ಯಾರೂ ಕೂಲಿ ಕೇಳದೆ ಮಾಡಿದ ಪಾಲಿಶ್ ಅದು. ನನ್ನ ಮೋಟಾರಿಗೆ ಎಂದಿಗೂ ಬಾರದು. ತೆಗೆದುಕೊಂಡು ಹೋಗಿ ಪ್ಲಾಸ್ಟಿಕ್ಕಿನೊಳಗೆ ಹಾಕಿದರೆ ಆ ಕೆಲಸ ಅವತ್ತಿಗೆ ನಿಂತಿತು. ಮಗು ನನ್ನ ಬೆರಳು ತಳ್ಳಿ, ಕಾಸನ್ನು ತಾನೇ ಹಿಡಿದುಕೊಂಡು ಬಾಯಿಗೆ ಎಳೆಯಲು ನೋಡಿತು. ದಾರ ಅಷ್ಟು ಉದ್ದವಿರಲಿಲ್ಲ.

'ಯಾಕ್ಲಾ, ಗಂಟು ಬಿಚ್ಚಕ್ ಬರ್ನಿಲ್ವಾ? ಕುಡ್ಲು ಕೊಡ್ನಾ?'

'ಬ್ಯಾಡ ಬುಡಕ್ಕ' ಎಂದೆ. 'ಅದು ಕೆಲ್ಸದ ಮೇಲದೆ.'

ಅಪ್ಪನ ಮಾತು ನನ್ನ ಬಾಯಿಂದ ಬಂದದ್ದು ಅವಳಿಗೂ ಗೊತ್ತಾಯಿತು. ಕುಡುಗೋಲು ಕೆಳಗಿಟ್ಟು, ಮುದ್ದೆಗೆ ಎಸರಿಡಲು ಒಳಗೆ ಹೋದಳು. ಮುದ್ದೆ, ಸೊಪ್ಪಿನ ಸಾರು ಉಂಡು ಹೊರಡುವಾಗ ಬೆಳ್ಳಿಯ ಬಿಲ್ಲೆಯನ್ನು ಜೇಬಿಗೆ ಹಾಕಿಕೊಳ್ಳಲು ಹೋದೆ.

'ತಾ ಇಲ್ಲಿ. ತಂದುದ್ನ ವಾಪಸ್ ತಕ್ಕೊಂಡೋದೀಯಾ? ಕೂಸು ನೋಡ್ಬುಟ್ಟದೆ' ಅಂದಳು ಅಕ್ಕ. ಹೀಗೆ ಎರಡೂ ಅಲ್ಲೇ ಉಳಿದವು.

ಪ್ರದರ್ಶನದ ದಿನ ಪೋಸ್ಟಾಫೀಸಿನ ಸಾಹೇಬರು ನನ್ನ ಮೇಜಿನ ಮುಂದೆ ನಿಂತು, 'ಎಲ್ಲಾನೂ ಒಂದೊಂದು ಕಿಸೆ ಮುಂದಕ್ಕೆ ಸರಿಸಿಬಿಡಿ, ಖಾಲಿ ಕಾಣೋದಿಲ್ಲ' ಎಂದು ಸಲಹೆ ಕೊಟ್ಟರು. ಸರಿಸಲಿಲ್ಲ. ಖಾಲಿ ಕಿಸೆಯ ಕೆಳಗೆ ನನ್ನ ಕೈಯಲ್ಲೇ ಚೀಟಿ ಬರೆದು ಅಂಟಿಸಿದೆ: 'ಮೊದಲ ಒಲೆಕಾಸು. ಸಂತೆಮರಹಳ್ಳಿಯ ಒಲೆ. ಈಗ ಬೇಗೂರಿನಲ್ಲಿ ಕೆಲಸದ ಮೇಲಿದೆ.' ಅವರು ಓದಿದರು, ಇನ್ನೊಮ್ಮೆ ಓದಿದರು, ಚೀಟಿಯ ಸೊಟ್ಟ ಮೂಲೆಯನ್ನು ತಾವೇ ಒತ್ತಿ ನೇರ ಮಾಡಿದರು.

ಜನ ಹೆಚ್ಚು ಸೇರಿದ್ದು ರಾಜರ ಕಾಲದ ಚಿನ್ನದ ಹಣದ ಮೇಜಿಗೆ, ಸುಳ್ಳು ಹೇಳಲಾರೆ. ಆದರೆ ಮೊಮ್ಮಗಳ ಕೈ ಹಿಡಿದು ಬಂದ ಒಬ್ಬ ಮುದುಕಿ ನನ್ನ ಮೇಜಿನ ಮುಂದೆ ತುಂಬ ಹೊತ್ತು ನಿಂತಳು. 'ನಮ್ಮತ್ತೆ ಇಕ್ತಿದ್ರು ಕಣಪ್ಪ ಒಲೆ ಮೇಲೆ. ಬೇಯ್ಸಕ್ ಬರ್ತಿದ್ದೋನ ಹೆಸ್ರು ಮರ್ತೋಗದೆ. ಮೂಗ್ನಲ್ಲೇ ಹದ ನೋಡೋನು' ಅಂದಳು. ಅಪ್ಪನ ಹೆಸರು ಹೇಳಿದೆ. ನೆಲ ನೋಡಿ ಯೋಚನೆ ಮಾಡಿದಳು. 'ಇದ್ದಾತು' ಅಂದಳು. ಖಂಡಿತ ಎನ್ನಲಿಲ್ಲ. ಅಷ್ಟೇ ಸಾಕಾಯಿತು ನನಗೆ. ಆವತ್ತು ಮನೆಗೆ ಬಸ್ಸಿನಲ್ಲಿ ಬಂದೆನೋ ತೇಲಿಕೊಂಡು ಬಂದೆನೋ.

ಅಗೋ, ಡ್ರಮ್ಮು ನಿಂತಿತು. ಪುಣಜನೂರಿನವರು ತಮ್ಮ ಅರಿಶಿನವನ್ನು ಬೊಗಸೆಯಲ್ಲಿ ಎತ್ತಿ ಬೆಳಕಿಗೆ ಹಿಡಿದು, ತೃಪ್ತಿಯಾಗಿ, ಆಲ್ಬಮ್ಮಿನ ಕಡೆ ಮತ್ತೆ ತಿರುಗಿದರು. 'ಆ ಬಿದ್ದೋಗಿರೋದ್ನ ಹುಡುಕ್ಬೇಕಾಗಿತ್ತು ಕಣಣ್ಣ.'

'ಬಿದ್ದಿಲ್ಲ. ಕೆಲ್ಸದ ಮೇಲದೆ' ಎಂದೆ.

'ಹಂಗಾರೆ ಸರಿ ಬುಡಿ' ಎಂದು ಅವರು ಚೀಲದ ಬಾಯಿ ಹೊಲಿಯಲು ಕೂತರು.

ಅವರ ಗಾಡಿ ಹೋದ ಮೇಲೆ ಒದ್ದೆ ಬಟ್ಟೆ ತೆಗೆದುಕೊಂಡು ಆ ಹಳದಿ ಗುರುತನ್ನು ಒರೆಸಲು ಕೂತೆ. ಕಾಸಿನ ಹಾಗೆ ದುಂಡಗೆ, ಕಿಸೆಯ ಸರಿಯಾಗಿ ನಡುವೆ ಬಿದ್ದಿತ್ತು. ನನಗೆ ಸಿಕ್ಕಿದ್ದನ್ನೆಲ್ಲ ಉಜ್ಜುವ ಚಾಳಿ. ಇದನ್ನು ಉಜ್ಜಲಿಲ್ಲ. ಬಟ್ಟೆಯನ್ನು ಹಿಂಡಿ ಮೊಳೆಗೆ ತೂಗುಹಾಕಿ, ಆಲ್ಬಮ್ಮನ್ನು ಇದ್ದ ಹಾಗೇ ಮುಚ್ಚಿಟ್ಟೆ.