ಸುಶೀಲಕ್ಕನಿಗೆ ಕಟ್ಟಿದ ತಪ್ಪುಕಾಣಿಕೆ

ಮಾರ್ಚ್ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಆರು ಮುಕ್ಕಾಲು. ಯುಗಾದಿ ಹತ್ತಿರ ಬಂತೆಂದು ಅಟ್ಟ ಗುಡಿಸಲು ಹತ್ತಿದ್ದೆ. ಅರಿಶಿನದ ಬಟ್ಟೆಯ ಪುಟ್ಟ ಗಂಟೊಂದು ಕೈಗೆ ಸಿಕ್ಕಿತು. ಪೊರಕೆ ಕೆಳಗಿಟ್ಟು ಪತ್ರಿಕೆಗೆ ಇದನ್ನು ಬರೆಯಲು ಕೂತಿದ್ದೇನೆ. ದಿನ, ಗಂಟೆ ಹಾಕದೆ ನನಗೆ ಬರೆಯಲು ಬರುವುದಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಅಪ್ಪ ಕಂಪನಿಯಿಂದ ಒಂದು ಡೈರಿ ತಂದುಕೊಟ್ಟಿದ್ದರು. ಅಂದಿನಿಂದ ಹತ್ತಿದ ಚಟ ಇದು.

ಆ ದಿನಗಳಲ್ಲಿ ಹೊಸೂರಿನಾಚೆ ಸೂಳಗಿರಿಯಿಂದ ಒಳಗಿರುವ ನಮ್ಮೂರಿನ ಮಕ್ಕಳು ಯುಗಾದಿಗಿಂತ ಅದರ ಮಾರನೆಯ ದಿನಕ್ಕೇ ಹೆಚ್ಚು ಕಾಯುತ್ತಿದ್ದೆವು. ಹೊಸತೊಡಕು. ಬೆಳಕು ಹರಿಯುವ ಮುಂಚೆ ಹುಣಸೆಮರದ ಕೆಳಗೆ ಕುರಿ ಕಡಿದು, ಎಲೆಗಳ ಮೇಲೆ ಗುಡ್ಡೆ ಹಾಕುತ್ತಿದ್ದರು. ಪ್ರತಿ ಗುಡ್ಡೆಯಲ್ಲೂ ಅಷ್ಟು ಮಾಂಸ, ಅಷ್ಟು ಮೂಳೆ, ಒಂದು ಚೂರು ಈಲಿ, ಅಂದರೆ ಲಿವರ್. ಒಬ್ಬರು ಬೆನ್ನು ತಿರುಗಿಸಿ ನಿಂತು ಮನೆಗಳ ಹೆಸರು ಕೂಗುತ್ತಿದ್ದರು, ಯಾರಿಗೆ ಯಾವ ಗುಡ್ಡೆ ಎಂದು ಯಾರೂ ಜಗಳ ಆಡಬಾರದಲ್ಲ. ನೆತ್ತರಿಗೆ ಬೇರೆ ಬಟ್ಟಲು. ಉಪ್ಪು ಹಾಕಿದ ನೆತ್ತರು ಹೆಪ್ಪುಗಟ್ಟುವುದನ್ನು ನಾವು ಸುತ್ತ ಕೂತು ನೋಡುತ್ತಿದ್ದೆವು. ಅಜ್ಜಿ ಅದನ್ನು ಈರುಳ್ಳಿ, ಹಸಿಮೆಣಸಿನಕಾಯಿ, ನಮ್ಮ ಹೊಲದ ಕೊತ್ತಂಬರಿ ಹಾಕಿ ಹುರಿದರೆ ಬೀದಿಯ ಕೊನೆಯವರೆಗೂ ಘಮ ಹೋಗುತ್ತಿತ್ತು.

ನಮ್ಮ ಬಟ್ಟಲಿಗೆ ಮಾತ್ರ ಎರಡು ಮನೆಯ ಪಾಲು ಬೀಳುತ್ತಿತ್ತು. ಪಕ್ಕದ ಮನೆಯ ಸುಶೀಲಕ್ಕ ಮಾಂಸದ ಗುಡ್ಡೆ ತಗೊಂಡು ನೆತ್ತರು ನಮಗೆ ಬಿಡುತ್ತಿದ್ದರು. ಅವರು ಗುಲಾಬಿ ತೋಟದ ಶೆಡ್ಡಿನಲ್ಲಿ ಹೂ ಆರಿಸಿ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದರು. ಗಂಡ ಯೋನಣ್ಣನಿಗೆ ಅಪ್ಪನ ಕಂಪನಿಯಲ್ಲೇ ಕೆಲಸ. ಮಗಳು ಎಸ್ತರ್ ನನ್ನ ಓರಗೆಯವಳು. ಕ್ರೈಸ್ತರು, ಆದರೆ ಊರಾಚೆಯ ದೊಡ್ಡ ಚರ್ಚಿಗೆ ಹೋಗುವವರಲ್ಲ. ಹೊಸೂರಿನಲ್ಲಿ ಅವರದೇ ಒಂದು ಸಣ್ಣ ಸಭೆ ಇತ್ತು. ಕ್ರಿಸ್‌ಮಸ್ಸಿಗೆ ನಕ್ಷತ್ರ ಕಟ್ಟುತ್ತಿರಲಿಲ್ಲ, ಹುಟ್ಟುಹಬ್ಬ ಮಾಡುತ್ತಿರಲಿಲ್ಲ.

ಮಾಂಸ ತಗೊಳ್ಳುವಾಗ ಸುಶೀಲಕ್ಕ ವರ್ಷವೂ ಕೇಳುವರು, ಇದು ಯಾವ ದೇವರ ಮುಂದೆಯೂ ಕಡಿದದ್ದಲ್ಲ ತಾನೆ ಎಂದು. ಅಜ್ಜಿಯ ಉತ್ತರವೂ ವರ್ಷವೂ ಅದೇ: "ಇದು ಬಾಯಿಗೆ ಕಡ್ದಿದ್ದು ಕಣಮ್ಮ, ದೇವ್ರಿಗಲ್ಲ."

ಆಮೇಲೆ ಸುಶೀಲಕ್ಕ ಮಾಂಸವನ್ನು ನೀರು ತಿಳಿಯಾಗುವವರೆಗೆ ತೊಳೆಯುವರು. ನಾವು ಅದನ್ನು ಸೋಮವಾರ ಮಾಂಸ ಮುಟ್ಟದವರ ಪದ್ಧತಿಯ ಹಾಗೆ ಎಂದುಕೊಂಡಿದ್ದೆವು. ಎಸ್ತರಳನ್ನು ನಾನು ಕಾಡಿಸುತ್ತಿದ್ದೆ, ನಿಮ್ಮ ಪಾಲು ತಿಂದೂ ತಿಂದೂ ನಾನು ನಿನಗಿಂತ ಎತ್ತರ ಆದೆ ಎಂದು. ಅವಳು ಹುಣಸೆಬೀಜ ಎಸೆದು ಚೌಕಾಬಾರದಲ್ಲಿ ನನ್ನ ಕಾಯಿ ಹೊಡೆದು ಸೇಡು ತೀರಿಸಿಕೊಳ್ಳುತ್ತಿದ್ದಳು. ಡೈರಿಯಲ್ಲಿ ಗೆದ್ದವರ ಲೆಕ್ಕ ಇದೆ. ಅವಳ ಹೆಸರೇ ಜಾಸ್ತಿ.

ಡೈರಿ ಬಂದ ಆ ವರ್ಷ ಹೊಸತೊಡಕು ಕಳೆದ ಮೇಲೆ, ಮಾವಿನಕಾಯಿ ಉದುರುವ ಹೊತ್ತಿಗೆ, ಸುಶೀಲಕ್ಕ ಕೆಲಸಕ್ಕೆ ಹೋಗುವುದು ನಿಂತಿತು. ಹೊಟ್ಟೆಯೊಳಗೆ ಗಡ್ಡೆ, ತಿಂಗಳುಗಟ್ಟಲೆ ರಕ್ತ ಹೋಗುತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಅಪ್ಪ, ಯೋನಣ್ಣ ಸೇರಿ ಹೊಸೂರಿನ ಆಸ್ಪತ್ರೆಗೆ ಹೊತ್ತೊಯ್ದರು.

ಸಂಜೆ ಬಂದ ಅಪ್ಪ ಜಗಲಿಯ ಮೇಲೆ ಕೂತು ಚಪ್ಪಲಿ ಕಳಚಿದರು. ಆಮೇಲೆ ಅಜ್ಜಿಗೆ ಹೇಳಿದರು. ಆಪರೇಷನ್ ಆಗಬೇಕು, ಆದರೆ ಮೈಯಲ್ಲಿ ರಕ್ತ ಇಲ್ಲ. ಏರಿಸಿದರೆ ಉಳಿಯುತ್ತಾರೆ, ಇಲ್ಲದಿದ್ದರೆ ಕಷ್ಟ ಅಂತ ಡಾಕ್ಟರಮ್ಮ ಹೇಳಿದ್ದರು. ಅಪ್ಪ ರಕ್ತ ಕೊಡಲು ಅಂಗಿಯ ತೋಳು ಮಡಚಿಕೊಂಡೇ ನಿಂತಿದ್ದರಂತೆ. ಕಂಪನಿಯಲ್ಲಿ ಶಿಬಿರ ನಡೆದಾಗಲೆಲ್ಲ ರಕ್ತ ಕೊಡುತ್ತಿದ್ದವರು ಅವರು. ಸುಶೀಲಕ್ಕ ಬೇಡ ಅಂದರು. ಬೇರೆ ಯಾವ ಔಷಧಿ ಬೇಕಾದರೂ ಕೊಡಿ, ರಕ್ತ ಮಾತ್ರ ಬೇಡ ಅಂದರು. ಡಾಕ್ಟರಮ್ಮ ಬೈಯಲಿಲ್ಲವಂತೆ. ತಮಿಳಿನಲ್ಲಿ ಇನ್ನೊಮ್ಮೆ ಎಲ್ಲ ಬಿಡಿಸಿ ಹೇಳಿ, ಆಗಲಿ, ರಕ್ತ ನಿಲ್ಲಿಸುವ ಮದ್ದು ಕೊಟ್ಟು ನೋಡುತ್ತೇವೆ ಅಂದರಂತೆ.

ಮಾಂಸ ತೊಳೆಯುತ್ತಿದ್ದುದು, ಬಟ್ಟಲು ನಮಗೆ ಬಿಡುತ್ತಿದ್ದುದು ಬರೀ ಪದ್ಧತಿ ಅಲ್ಲ ಎಂದು ನಮ್ಮ ಮನೆಗೆ ಗೊತ್ತಾದದ್ದು ಅವತ್ತು.

ಅಜ್ಜಿ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಮೈಗೆ ರಕ್ತ ಹತ್ತಲೆಂದು ಈಲಿ ತರಿಸಿ, ಸುಶೀಲಕ್ಕ ತೊಳೆಯುವ ಹಾಗೆಯೇ ನೀರು ತಿಳಿಯಾಗುವವರೆಗೆ ತೊಳೆದು, ಮೆಣಸಿನ ಸಾರು ಮಾಡಿದರು. ಅರಿಶಿನ ನೀರಲ್ಲಿ ಅದ್ದಿದ ಬಟ್ಟೆಯಲ್ಲಿ ಒಂದು ರೂಪಾಯಿ ಇಟ್ಟು ಗಂಟು ಹಾಕಿದರು. ನನಗದು ಹೊಸದಲ್ಲ. ಮುನೇಶ್ವರನಿಗೆ ನನ್ನ ಮುಡಿ ಕೊಡುವ ವರ್ಷ ನನಗೆ ಜ್ವರ ಬಂದಾಗಲೂ ಹರಕೆ ತಡವಾದದ್ದಕ್ಕೆ ಅಜ್ಜಿ ಹೀಗೇ ತಪ್ಪುಕಾಣಿಕೆ ಕಟ್ಟಿಟ್ಟಿದ್ದರು. ದೇವರು ಮುಂದಿನ ವರ್ಷದವರೆಗೆ ಕಾದಿದ್ದ. ಈ ಗಂಟನ್ನು ಮಾತ್ರ ದೇವರ ಗೂಡಲ್ಲಿ ಇಡದೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ನನ್ನನ್ನೂ ಎಸ್ತರಳನ್ನೂ ಕರಕೊಂಡು ಬಸ್ಸು ಹತ್ತಿದರು.

ಸುಶೀಲಕ್ಕನ ಮುಖ ಸುಣ್ಣ ಬಳಿದ ಹಾಗಿತ್ತು. ಸಾರನ್ನು ಎರಡು ಚಮಚ ಕುಡಿದರು. ಅಜ್ಜಿ ಗಂಟು ತೆಗೆದು ಅವರ ಕೈಯಲ್ಲಿಟ್ಟರು.

"ನಿಮ್ ದೇವ್ರಿಗೆ ನಾನೇ ತಪ್ಪುಕಾಣಿಕೆ ಕಟ್ಟಿವ್ನಿ. ನೀನೀಗ ರಕ್ತ ಏರುಸ್ಕೊ. ಎದ್ ಮ್ಯಾಕೆ ಇದ್ನ ನಿಮ್ ಸಭೆಲಿ ಒಪ್ಪುಸ್ಬುಟ್ಟು, ತಪ್ಪಾಯ್ತು ಅಂತ ಕೈ ಮುಗಿ. ಮುಗೀತು."

ಸುಶೀಲಕ್ಕನಿಗೆ ನಗು ಬಂತು. "ನಮ್ ದೇವ್ರ ಹತ್ರಾನೂ ನೀವೇ ಮಾತಾಡ್ಬುಟ್ರಾ, ಅವ್ವಾ?"

"ಏನ್ ಮಾಡ್ಲಿ, ನೀನ್ ಮಾತಾಡಾಕಿಲ್ಲ ಅಂತೀಯ."

ಪಕ್ಕದ ಮಂಚದವರೂ ನಕ್ಕರು. ಸುಶೀಲಕ್ಕ ಉಸಿರು ಎಳೆದುಕೊಂಡು, ತಡೆದು ತಡೆದು ಹೇಳಿದರು. "ನಿಮ್ ಹರಕೆ ತಡ ಆದ್ರೆ ನಿಮ್ ದೇವ್ರು ಕಾಯ್ತಾನೆ. ಇದು ತಡ ಅಲ್ಲವ್ವ. ನೆತ್ತರು ಅವನ್ ಪಾಲು. ಗುಡ್ಡೆ ಹಾಕ್ದಾಗ ನಾನು ಯಾವತ್ತಾದ್ರೂ ಇನ್ನೊಬ್ರ ಪಾಲಿಗೆ ಕೈ ಹಾಕಿವ್ನಾ?"

"ಆ ಮಗೀನ್ ಮಕ ನೋಡೇ."

ಎಸ್ತರ್ ಮಂಚದ ಕಾಲಿನ ಕಡೆ ನಿಂತಿದ್ದಳು.

"ನೋಡ್ಕೊಂಡೇ ಹೇಳ್ತಿವ್ನಿ. ನಂಗೇನು ಸಾಯಕ್ಕೆ ಆಸೆನಾ? ಅವ್ಳಿಗೆ ಒಂದು ಹೇಳ್ಕೊಟ್ಟು ನಾನೊಂದು ಮಾಡ್ಲಾ?" ಆಮೇಲೆ ಗಂಟನ್ನು ದಿಂಬಿನ ಕೆಳಗೆ ಸೇರಿಸಿದರು. "ಇದು ನಿಮ್ ಕೈಯಿಂದ ಬಂದಿದ್ದು ಅಂತ ಇಟ್ಕೊತೀನಿ. ಕಾಣಿಕೆ ಅಂತ ಅಲ್ಲ."

ಹೊರಗಿನ ಬೆಂಚಿನ ಹತ್ತಿರ ಅಪ್ಪ ಯೋನಣ್ಣನ ಮೇಲೆ ರೇಗುತ್ತಿದ್ದರು. ಅವಳಿಗೆ ಎಚ್ಚರ ತಪ್ಪಿದರೆ ನೀನೇ ಹೂಂ ಅನ್ನು, ಅವಳಿಗೆ ಗೊತ್ತೂ ಆಗುವುದಿಲ್ಲ ಎನ್ನುತ್ತಿದ್ದರು. ಯೋನಣ್ಣ ತಲೆ ತಗ್ಗಿಸಿ ಕೂತಿದ್ದವರು, "ಅವ್ಳಿಗೆ ಗೊತ್ತಾಗ್ದೆ ಇರ್ಬೋದು ಕಣಣ್ಣ. ನಂಗೆ ಗೊತ್ತಿರ್ತದಲ್ಲ," ಎಂದರು. ಅಪ್ಪ ಅವರನ್ನು ಬಿಟ್ಟು ಎದ್ದು ಹೋದರು.

ಮದ್ದಿಗೆ ರಕ್ತ ಎರಡು ದಿನ ನಿಂತಿತ್ತು. ಎಸ್ತರ್ ನಮ್ಮ ಮನೆಯಲ್ಲೇ ಮಲಗುತ್ತಿದ್ದಳು. ಅಮ್ಮ ಬಂದ ಮೇಲೆ ಯಾವ ಬಣ್ಣದ ಗುಲಾಬಿ ತರುತ್ತಾಳೆ ಎಂದು ನಾವಿಬ್ಬರೂ ಪಂದ್ಯ ಕಟ್ಟಿದ್ದೆವು. ಆಮೇಲೆ ಮತ್ತೆ ಶುರುವಾಯಿತು. ಡಾಕ್ಟರಮ್ಮ ಕೊನೆಯ ಸಲ ಕೇಳಿದಾಗ ಸುಶೀಲಕ್ಕ ತಲೆಯಾಡಿಸಿ ಬೇಡ ಎಂದರಂತೆ. ಡೈರಿಯ ಆ ದಿನದ ಪುಟದಲ್ಲಿ ದಿನಾಂಕ ಬರೆದು ನಿಲ್ಲಿಸಿದ್ದೇನೆ.

ಊರಿನಲ್ಲಿ ಕೆಲವರು ಗಂಡನೇ ಕೊಂದ ಎಂದರು. ದೊಡ್ಡ ಚರ್ಚಿನವರು, ನಮ್ಮಲ್ಲಿ ಹೀಗಿಲ್ಲಪ್ಪ, ನಾವು ರಕ್ತ ಕೊಡುತ್ತೇವೆ, ತಗೊಳ್ಳುತ್ತೇವೆ ಎಂದು ಕೇಳಿದವರಿಗೆಲ್ಲ ಹೇಳಬೇಕಾಯಿತು. ಅಪ್ಪ ಯೋನಣ್ಣನ ಜೊತೆ ಮಾತು ಬಿಟ್ಟಿದ್ದರು. ಆದರೆ ಗುಂಡಿ ತೋಡಲು ಮೊದಲು ಗುದ್ದಲಿ ಹಿಡಿದು ಹೋದವರು ಅವರೇ.

ವಾರ ಕಳೆದ ಮೇಲೆ ಯೋನಣ್ಣ ಬಂದರು. ಅಜ್ಜಿಯ ಸಾರಿನ ಕ್ಯಾರಿಯರ್ ತೊಳೆದು ತಂದಿದ್ದರು. ಅದರ ಮೇಲೆ ಆ ಗಂಟು. ಬಿಚ್ಚಿರಲಿಲ್ಲ.

ಅಜ್ಜಿ ಕೈ ಹಿಂದಕ್ಕೆ ತಗೊಂಡರು. ದೇವರ ಹೆಸರಲ್ಲಿ ಕಟ್ಟಿದ್ದು ಮನೆಗೆ ವಾಪಸು ಬರಬಾರದು, ನಿಮ್ಮ ಸಭೆಗೇ ಸೇರಿಸಪ್ಪ ಎಂದರು.

ಯೋನಣ್ಣ ಕ್ಯಾರಿಯರನ್ನು ಮೆಲ್ಲಗೆ ಜಗಲಿಯ ಮೇಲಿಟ್ಟರು. "ತಪ್ಪಿಗೆ ಅಂತ ಕಟ್ಟಿದ್ರಿ, ಅವ್ವಾ. ಅವ್ಳು ತಪ್ಪು ಮಾಡ್ಲಿಲ್ವಲ್ಲ."

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತರು. ಒಳಗಿದ್ದ ಅಪ್ಪ ಹೊರಗೆ ಬಂದು ಯೋನಣ್ಣನ ಪಕ್ಕ ಕೂತರು. ಸಂಜೆ ಅಜ್ಜಿ ಗಂಟನ್ನು ಅಟ್ಟಕ್ಕೆ ಸೇರಿಸಿದರು.

ಶಾಲೆ ತೆರೆಯುವ ಮೊದಲೇ ಅವರು ಮನೆ ಖಾಲಿ ಮಾಡಿದರು. ಅಂಚೆಟ್ಟಿ ಕಡೆ ಯೋನಣ್ಣನ ಅಕ್ಕ ಇದ್ದರಂತೆ. ಎಸ್ತರ್ ಹುಣಸೆಬೀಜದ ಡಬ್ಬಿಯನ್ನು ನನಗೇ ಬಿಟ್ಟು ಹೋದಳು. ಮೊದಮೊದಲು ಅಪ್ಪನಿಗೆ ಫೋನ್ ಬರುತ್ತಿತ್ತು. ಆಮೇಲೆ ನಂಬರ್ ಬದಲಾಯಿತು, ಅವರು ಅಲ್ಲಿಂದಲೂ ಹೋದರಂತೆ.

ಮುಂದಿನ ಹೊಸತೊಡಕಿಗೆ ಗುಡ್ಡೆ ಹಾಕಿದಾಗ ಅಜ್ಜಿ ನೆತ್ತರಿನ ಬಟ್ಟಲು ಕಳಿಸಲಿಲ್ಲ. ನಾನು ಕೇಳಿದ್ದಕ್ಕೆ, ಬಿಡೋರಿಲ್ಲದ ಮೇಲೆ ತಿನ್ನಕ್ಕೆ ಬಾಯಿ ಬರಾಕಿಲ್ಲ ಎಂದರು. ಸಾಯುವವರೆಗೂ ತಿನ್ನಲಿಲ್ಲ.

ಈಗ ಆ ಹುಣಸೆಮರವೂ ಇಲ್ಲ, ಅಲ್ಲೊಂದು ಕಾರ್ಖಾನೆಯ ಶೆಡ್ಡು ಎದ್ದಿದೆ. ಹೊಸತೊಡಕಿಗೆ ಎಲ್ಲರೂ ಹೆದ್ದಾರಿಯ ಅಂಗಡಿಯಲ್ಲಿ ಸಾಲು ನಿಂತು ಕವರಿನಲ್ಲಿ ಮಾಂಸ ತರುತ್ತೇವೆ. ಬೆನ್ನು ತಿರುಗಿಸಿ ಹೆಸರು ಕೂಗುವವರಿಲ್ಲ. ಪಕ್ಕದ ಮನೆಯವರು ಏನು ತಿನ್ನುತ್ತಾರೆ, ಏನು ಬಿಡುತ್ತಾರೆ, ಯಾಕೆ ಬಿಡುತ್ತಾರೆ, ನನಗೆ ಗೊತ್ತಿಲ್ಲ. ಅಪ್ಪನ ಹಾಗೆ ನಾನೂ ಈಗ ರಕ್ತ ಕೊಡುತ್ತೇನೆ. ಸೂಜಿ ಚುಚ್ಚುವಾಗ ಪ್ರತಿ ಸಲ ಸುಶೀಲಕ್ಕನ ಮೇಲೆ ಸಿಟ್ಟು ಬರುತ್ತದೆ. ಹತ್ತಿ ಒತ್ತಿಕೊಂಡು ಕೂತಾಗ ಆ ಸಿಟ್ಟು ಇಳಿಯುತ್ತದೆ.

ಗಂಟು ನನ್ನ ಮುಂದಿದೆ. ಅರಿಶಿನ ಮಾಸಿದೆ, ಒಳಗಿನ ರೂಪಾಯಿ ಬೆರಳಿಗೆ ತಾಗುತ್ತದೆ. ನಮ್ಮ ಹುಂಡಿಗೆ ಇದನ್ನು ಹಾಕಲು ಬರುವುದಿಲ್ಲ, ಅದು ನಮ್ಮ ದೇವರಿಗೆ ಕಟ್ಟಿದ್ದಲ್ಲ. ಬಿಚ್ಚಲು ಕೈ ಬರುವುದಿಲ್ಲ. ಸುಶೀಲಕ್ಕ ಕೊನೆಯವರೆಗೂ ದಿಂಬಿನ ಕೆಳಗೆ ಇಟ್ಟುಕೊಂಡಿದ್ದ ವಸ್ತು ಇದು. ಎಸ್ತರಳಿಗೇ ಸೇರಬೇಕು. ಅವಳ ಎಡಹುಬ್ಬಿನ ಮೇಲೆ ಸಣ್ಣ ಗಾಯದ ಗುರುತಿದೆ, ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಾಳೆ, ಚೌಕಾಬಾರದಲ್ಲಿ ಅವಳನ್ನು ಸೋಲಿಸುವುದು ಕಷ್ಟ. ಅವಳೆಲ್ಲಿದ್ದಾಳೆಂದು ಓದುಗರಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಬರೆದು ತಿಳಿಸಿ.